ಒಂದೇ ಪಂಕ್ತಿ: ಡಿಸೆಂಬರ್ ರಜೆಯ ಊಟಕ್ಕೆ ನಾನು ಹಾಕಿದ ಲೆಕ್ಕ

ನಮ್ಮ ಮನೆಯವರೆಲ್ಲ ಒಟ್ಟಿಗೆ ಸಿಗುವುದು ಡಿಸೆಂಬರ್ ಕೊನೆಯ ವಾರದಲ್ಲಿ ಮಾತ್ರ. ದೀಪಾವಳಿಗೆ ಒಬ್ಬರಿಗೆ ರಜೆ ಸಿಕ್ಕರೆ ಇನ್ನೊಬ್ಬರಿಗೆ ಸಿಗುವುದಿಲ್ಲ, ಯುಗಾದಿ ಹೊತ್ತಿಗೆ ಮಕ್ಕಳ ಪರೀಕ್ಷೆ. ದುಬೈಯಲ್ಲಿರುವ ಮೈದುನನ ಸಂಸಾರದಿಂದ ಹಿಡಿದು ಪಿಯುಸಿ ಓದುತ್ತಿರುವ ಅಕ್ಕನ ಮಗಳವರೆಗೆ ಎಲ್ಲರಿಗೂ ಹೊಂದುವುದು ಕ್ರಿಸ್‌ಮಸ್ ರಜೆಯೇ. ಜೊತೆಗೆ ಅದು ಧನುರ್ಮಾಸ. ಮದುವೆ, ಮುಂಜಿ, ಗೃಹಪ್ರವೇಶ ಒಂದೂ ಇಲ್ಲದ ತಿಂಗಳು. "ಅವತ್ತೇ ಇನ್ನೊಂದು ಕಡೆ ಕರೆದಿದ್ದಾರಲ್ಲಾ" ಅನ್ನುವ ನೆಪ ಯಾರಿಗೂ ಸಿಗುವುದಿಲ್ಲ.

ಆದರೂ ದಿನ ಗೊತ್ತು ಮಾಡುವುದು ಸುಲಭವಾಗಲಿಲ್ಲ. 2025ರಲ್ಲಿ ವೈಕುಂಠ ಏಕಾದಶಿ ಡಿಸೆಂಬರ್ 30ಕ್ಕೆ ಬಂದಿತ್ತು. ಅವತ್ತು ಅತ್ತೆ ನೀರು ಬಿಟ್ಟು ಬೇರೇನೂ ಮುಟ್ಟುವುದಿಲ್ಲ. ಮಾರನೆಯ ದಿನ ದ್ವಾದಶಿ, ಬೆಳಗಾಗುತ್ತಲೇ ಪಾರಣೆ. ಖಾಲಿ ಹೊಟ್ಟೆಯಲ್ಲಿ ಒಂದು ದಿನ ಕಳೆದ ಮುದುಕಿಗೆ ಅದೇ ರಾತ್ರಿ ಭಾರಿ ಊಟ ಹಾಕುವುದು ಸರಿಯಲ್ಲ ಎಂದು ಹೊಸ ವರ್ಷದ ಹಿಂದಿನ ರಾತ್ರಿಯ ಆಸೆ ಬಿಟ್ಟೆ. ಉಳಿದದ್ದು 27, ಶನಿವಾರ.

ಎಣಿಸಿದರೆ ಹದಿನಾಲ್ಕು ಜನ. ನಮ್ಮ ಬೆಂಗಳೂರಿನ ಫ್ಲಾಟಿಗೆ ಅದು ದೊಡ್ಡ ಸಂಖ್ಯೆಯೇ, ಆದರೆ ನನ್ನನ್ನು ಯೋಚನೆಗೆ ಹಚ್ಚಿದ್ದು ಅವರವರ ಕಟ್ಟುಪಾಡು. ಅತ್ತೆಗೆ ಈರುಳ್ಳಿ ಬೆಳ್ಳುಳ್ಳಿ ಆಗದು. ಮಾವನವರಿಗೆ ಸಕ್ಕರೆ ಕಾಯಿಲೆ, ಊಟದ ಹೊತ್ತು ಆಚೀಚೆ ಆಗುವಂತಿಲ್ಲ. ಅಕ್ಕನ ಮಗಳು ವೀಗನ್ ಆಗಿದ್ದಾಳೆ, ಹಾಲು, ಮೊಸರು, ತುಪ್ಪ ಎಲ್ಲಕ್ಕೂ ಕೈಮುಗಿದಿದ್ದಾಳೆ. ಹಿಂದಿನ ರಸ್ತೆಯ ನನ್ನ ಗೆಳತಿ ಮತ್ತು ಅವರ ಯಜಮಾನರು ಜೈನರು. ನೆಲದೊಳಗೆ ಬೆಳೆಯುವ ಗೆಡ್ಡೆ ಗೆಣಸು ಅವರಿಗೆ ವರ್ಜ್ಯ. ಆಲೂಗಡ್ಡೆ, ಕ್ಯಾರೆಟ್ ಹೋಗಲಿ, ಹಸಿ ಶುಂಠಿಯೂ ಇಲ್ಲ. ಬದನೆಕಾಯಿಯಲ್ಲಿ ಬೀಜ ಹೆಚ್ಚೆಂದು ಅದನ್ನೂ ಬಿಟ್ಟಿದ್ದಾರೆ. ಹಸಿ ಮೊಸರಿಗೆ ಬೇಳೆ ಬೆರೆಯಬಾರದು. ನಿನ್ನೆ ಬೇಯಿಸಿದ್ದನ್ನು ಇವತ್ತು ಉಣ್ಣುವಂತಿಲ್ಲ. ಎಲ್ಲಕ್ಕೂ ಮೇಲೆ, ಸೂರ್ಯ ಮುಳುಗುವ ಮೊದಲೇ ಊಟ ಮುಗಿಸಿ ಕೈ ತೊಳೆದಿರಬೇಕು.

"ನಾವು ಊಟ ಮಾಡ್ಕೊಂಡೇ ಬರ್ತೀವಿ ಕಣ್ರೀ, ನಮಗೋಸ್ಕರ ತಲೆ ಕೆಡಿಸ್ಕೋಬೇಡಿ, ಬಂದು ಕೂತು ಮಾತಾಡ್ತೀವಿ" ಅಂದರು ಗೆಳತಿ. ಅಷ್ಟು ವರ್ಷದ ಅಭ್ಯಾಸ ಅವರದು. ಎಷ್ಟೋ ಮನೆಗಳಲ್ಲಿ ಅವರು ಹಾಗೆ ಸುಮ್ಮನೆ ಕೂತಿದ್ದನ್ನು ನಾನು ನೋಡಿದ್ದೇನೆ. ಬೇರೆ ಅಡುಗೆ ಮಾಡಿಟ್ಟ ಮನೆಗಳನ್ನೂ ನೋಡಿದ್ದೇನೆ, ಅದು ಇನ್ನೂ ಕಷ್ಟ. ಮುಚ್ಚಿಟ್ಟ ಒಂದು ಡಬ್ಬಿ ಬರುತ್ತದೆ, "ಇದು ನಿಮಗೇ ಅಂತ ಮಾಡಿದ್ದು" ಅನ್ನುತ್ತಾರೆ, ಆಮೇಲೆ ಅವರಿಗೆ ಅದು ರುಚಿಸಲಿ ಬಿಡಲಿ ಖಾಲಿ ಮಾಡಲೇಬೇಕು. ಹಾಗಾಗಿ ಮೊದಲೇ ತೀರ್ಮಾನಿಸಿದೆ: ಯಾರಿಗೂ ಪ್ರತ್ಯೇಕ ಅಡುಗೆ ಇಲ್ಲ. ಹದಿನಾಲ್ಕೂ ಜನ ತಿನ್ನಬಹುದಾದ ಪದಾರ್ಥಗಳೇ ಎಲೆಗೆ ಬರಬೇಕು. ಎರಡು ಅಡುಗೆ ಮಾಡುವ ಶಕ್ತಿ ನನಗೂ ಇರಲಿಲ್ಲ ಅನ್ನುವುದು ಬೇರೆ ವಿಷಯ.

ಹೊತ್ತಿನ ಪ್ರಶ್ನೆ ಉಳಿಯಿತು. ಡಿಸೆಂಬರ್ ಕೊನೆಗೆ ಬೆಂಗಳೂರಿನಲ್ಲಿ ಆರು ಗಂಟೆ ಸುಮಾರಿಗೆ ಸೂರ್ಯ ಮುಳುಗುತ್ತಾನೆ. ಸಂಜೆ ಐದೂವರೆಗೆ ಎಲೆ ಹಾಕೋಣ ಅಂದೆ. ಅತ್ತೆ ಒಪ್ಪಲಿಲ್ಲ. "ದೀಪ ಹಚ್ಚೋ ಹೊತ್ತಲ್ಲಿ ಊಟಕ್ಕೆ ಕೂರ್ತಾರೇನೇ? ಮುಸ್ಸಂಜೆ ಉಂಡ ಮನೆ ಉದ್ಧಾರ ಆಗಿದ್ದು ನಾನು ಕಾಣೆ." ಸ್ವಲ್ಪ ಹೊತ್ತು ನಾನೂ ಗಡಿಯಾರ ನೋಡುತ್ತಾ ಕೂತೆ. ಮುಸ್ಸಂಜೆಗೆ ಮೊದಲು ಎದ್ದುಬಿಟ್ಟರೆ ಅತ್ತೆಯ ಮಾತೂ ನಡೆಯುತ್ತದೆ, ಗೆಳತಿಯ ನಿಯಮವೂ ನಡೆಯುತ್ತದೆ. ನಾಲ್ಕೂವರೆಗೆ ಎಲೆ, ಐದೂವರೆಗೆ ಕೈ ತೊಳೆಯುವುದು ಅಂದೆ. "ಹಾಗಾದ್ರೆ ಸರಿ, ನಮ್ಮೂರಲ್ಲಿ ಹೊಲದಿಂದ ಬಂದೋರು ಬೆಳಕಿದ್ದಾಗಲೇ ಉಂಡು ಮಲಗ್ತಿದ್ರು" ಅಂತ ಅವರೇ ಅದಕ್ಕೊಂದು ಸಮರ್ಥನೆ ಕೊಟ್ಟರು. ಧನುರ್ಮಾಸವಾದ್ದರಿಂದ ನಸುಕಿನಲ್ಲೇ ಹುಗ್ಗಿ ಆಗುತ್ತದೆ, ಬೆಳಗ್ಗೆಯೇ ಹೊಟ್ಟೆ ಭದ್ರ. ಮಧ್ಯಾಹ್ನ ಒಂದಿಷ್ಟು ಅವಲಕ್ಕಿ, ಸೀಬೆಹಣ್ಣು ಸಾಕು.

ನಾಲ್ಕೂವರೆಯಿಂದ ಐದೂವರೆ ಅಂದಾಗ ಇನ್ನೊಂದು ಸಂಗತಿ ಹೊಳೆಯಿತು. ಎರಡನೇ ಪಂಕ್ತಿಗೆ ಹೊತ್ತೇ ಇಲ್ಲ. ಗಂಡಸರು, ಮಕ್ಕಳು, ನೆಂಟರು ಮೊದಲು, ಬಡಿಸಿದ ಹೆಂಗಸರು ಆಮೇಲೆ ಅನ್ನುವ ಕ್ರಮ ಅವತ್ತು ನಡೆಯುವ ಹಾಗಿರಲಿಲ್ಲ. ನಾನು ಮತ್ತು ಓರಗಿತ್ತಿ ಅದೇ ಪಂಕ್ತಿಯಲ್ಲಿ ಕೂರಬೇಕು. ಅಂದರೆ ಒಲೆಯ ಮುಂದೆ ಯಾರೂ ಇರುವುದಿಲ್ಲ. ಅಡುಗೆಯ ಪಟ್ಟಿ ಹಾಕಿದ್ದು ಇದನ್ನು ಮನಸ್ಸಿನಲ್ಲಿಟ್ಟುಕೊಂಡು.

ಪಟ್ಟಿಯಿಂದ ಹೊಡೆದು ಹಾಕಿದ್ದೇ ಹೆಚ್ಚು. ಒಬ್ಬಟ್ಟು ಬೇಡ, ಹೆಂಚಿನ ಮುಂದೆ ಒಬ್ಬರು ನಿಂತೇ ಇರಬೇಕು. ಅಂಬೊಡೆ, ಬಜ್ಜಿ ಬಾಣಲೆಯಿಂದ ನೇರ ಎಲೆಗೆ ಬಂದರಷ್ಟೇ ಚೆನ್ನ, ಹಾಗಾಗಿ ಅವೂ ಇಲ್ಲ. ಬಿಸಿಬೇಳೆಬಾತು ನಿಂತಷ್ಟೂ ಗಟ್ಟಿಯಾಗುತ್ತದೆ, ಬಿಸಿನೀರು ಹಾಕಿ ತಿರುವುತ್ತಲೇ ಇರಬೇಕು. ವಾಂಗಿಬಾತಿಗೆ ಬದನೆಯ ಅಡ್ಡಿ. ಬೂದುಗುಂಬಳದ ಮಜ್ಜಿಗೆಹುಳಿ ನನಗೆ ತುಂಬಾ ಇಷ್ಟ, ಆದರೆ ಕಡಲೆಬೇಳೆ ಅರೆದು ಮೊಸರಿಗೆ ಹಾಕುವ ಅಡುಗೆ ಅದು, ವೀಗನ್ ಹುಡುಗಿಗೂ ಆಗದು, ಗೆಳತಿಗೂ ಆಗದು. ಒತ್ತುಶ್ಯಾವಿಗೆ ಮಾಡಬೇಕೆಂದು ಮಗ ಹಟ ಹಿಡಿದ. ಹದಿನಾಲ್ಕು ಜನಕ್ಕೆ ಒರಳು ಒತ್ತಿದ ತೋಳು ಸಂಜೆ ತುತ್ತು ಎತ್ತುವುದಿಲ್ಲ ಎಂದು ಹೇಳಿ ಅವನನ್ನು ಸುಮ್ಮನಾಗಿಸಿದೆ.

ಬಿಡಲಾಗದ್ದು ಅವರೆ. ಡಿಸೆಂಬರಿನಲ್ಲಿ ಬೆಂಗಳೂರಿಗೆ ಬಂದವರಿಗೆ ಅವರೆಕಾಯಿ ಹಾಕದೆ ಕಳಿಸುವುದುಂಟೇ? ಚಳಿ ಬಿದ್ದು, ಮಂಜು ಹನಿದು, ಕಾಯಿ ಮುಟ್ಟಿದರೆ ಬೆರಳಿಗೆ ಜಿಡ್ಡು ಹತ್ತಿ ಸೊಗಡು ಹೊಡೆಯುವ ಕಾಲ ಅದು. ಮಾಗಡಿ ಕಡೆಯ ಕಾಯಿ ಬಂತೆಂದರೆ ಗಾಂಧಿಬಜಾರಿನಲ್ಲಿ ನಡೆದು ಹೋಗುವಾಗಲೇ ಮೂಗಿಗೆ ತಿಳಿಯುತ್ತದೆ. ಹಿತಕಿದ ಬೇಳೆಯ ಹುಳಿಯೇ ಊಟದ ನಡುಮಣಿ ಎಂದು ಗೊತ್ತು ಮಾಡಿದೆ. ಕಾಯಿ ಸುಲಿದು, ಕಾಳು ರಾತ್ರಿಯಿಡೀ ನೆನೆಸಿ, ಒಂದೊಂದನ್ನೇ ಹಿತುಕಿ ಸಿಪ್ಪೆ ಬಿಡಿಸುವ ಕೆಲಸ ಮಾತ್ರ ನನ್ನದಲ್ಲ. ರಸ್ತೆ ಬದಿಯಲ್ಲಿ ಕೂತು ಕಣ್ಣು ಮಿಟುಕಿಸುವಷ್ಟರಲ್ಲಿ ಹಿತುಕುವ ಹೆಂಗಸರಿದ್ದಾರೆ, ಅವರಿಂದ ಅವತ್ತಿನ ಬೆಳಗ್ಗೆಯೇ ಒಂದು ಕೇಜಿ ತಂದೆ. ನೆನೆಸಿದ್ದು ಹಿಂದಿನ ದಿನವಲ್ಲವೇ, ನಡೆಯುತ್ತದೆಯೇ ಎಂದು ಗೆಳತಿಗೆ ಫೋನು ಮಾಡಿ ಕೇಳಿದೆ. "ಬೇಯಿಸಿದ್ದು ನಿನ್ನೇದಾಗಿರಬಾರದು, ಮೊಳಕೆ ಬಂದಿರಬಾರದು, ಅಷ್ಟೇ" ಅಂದರು. ಹಾಗೇ ಕಡಲೆಕಾಯಿ ಬೀಜವನ್ನೂ ಕೇಳಿಬಿಟ್ಟೆ, ಅದೂ ನೆಲದೊಳಗಿನದೇ ತಾನೆ. ನಕ್ಕರು. "ಅದನ್ನ ತಿಂತೀವ್ರೀ, ಅದು ಗೆಡ್ಡೆ ಅಲ್ಲವಲ್ಲ." ಇಂಥವನ್ನು ಊಹಿಸುವುದಕ್ಕಿಂತ ಕೇಳುವುದು ಒಳ್ಳೆಯದು. ನಮ್ಮನ್ನು ಕೇಳಿದರು ಅನ್ನುವುದೇ ನೆಂಟರಿಗೆ ಒಂದು ಸಂತೋಷ.

ಹಿತಕಿದ ಬೇಳೆಗೆ ಈರುಳ್ಳಿ ಬೆಳ್ಳುಳ್ಳಿ ಶುಂಠಿ ಇಲ್ಲದೆ ಏನು ರುಚಿ ಎಂದು ಓರಗಿತ್ತಿ ಮೂಗು ಮುರಿದಳು. ತೆಂಗಿನಕಾಯಿ, ಧನಿಯಾ, ಜೀರಿಗೆ, ನಾಲ್ಕು ಕಾಳುಮೆಣಸು, ಒಂದು ಚಮಚ ಗಸಗಸೆ, ಚೂರು ಚಕ್ಕೆ, ಎರಡು ಲವಂಗ, ಹಸಿಮೆಣಸಿನಕಾಯಿ, ಒಂದು ಹಿಡಿ ಕೊತ್ತಂಬರಿ ಸೊಪ್ಪು, ಇಷ್ಟನ್ನು ನುಣ್ಣಗೆ ಅರೆದರೆ ಸಾಕು. ಬೆಳ್ಳುಳ್ಳಿ ಇಲ್ಲದಿದ್ದರೆ ಅವರೆಯ ಸೊಗಡು ಎದ್ದು ಕಾಣುತ್ತದೆ ಅನ್ನುವುದು ನನ್ನ ಅಭಿಪ್ರಾಯ. ಕುಕ್ಕರಿಗೆ ಹಾಕಬಾರದು, ಬೇಳೆ ಕರಗಿ ಗಂಜಿಯಾಗುತ್ತದೆ. ತೆರೆದ ಪಾತ್ರೆಯಲ್ಲಿ ಹತ್ತು ಹನ್ನೆರಡು ನಿಮಿಷ ಬೆಂದರೆ ಬೇಳೆ ಇಡಿಯಾಗಿರುತ್ತದೆ, ಬಾಯಲ್ಲಿ ಬೆಣ್ಣೆಯಾಗುತ್ತದೆ.

ಸಿಹಿಗೆ ಗಸಗಸೆ ಪಾಯಸ. ಇದಕ್ಕೆ ಹಾಲೇ ಬೇಡ. ಗಸಗಸೆ, ಒಂದು ಹಿಡಿ ಅಕ್ಕಿ, ಕಾಯಿ, ಬೆಲ್ಲ, ಏಲಕ್ಕಿ. ನಮ್ಮ ಅಜ್ಜಿಯರು ಮಾಡುತ್ತಿದ್ದದ್ದು ಹೀಗೇ, ವೀಗನ್ ಅನ್ನುವ ಹೆಸರು ಮಾತ್ರ ಗೊತ್ತಿರಲಿಲ್ಲ. ಗಸಗಸೆಯನ್ನು ಬಾಣಲೆಯಲ್ಲಿ ಘಂ ಅನ್ನುವಷ್ಟೇ ಬೆಚ್ಚಗೆ ಮಾಡಿ, ಅಕ್ಕಿಯೊಂದಿಗೆ ಮಿಕ್ಸಿಯಲ್ಲಿ ಒಣಗಿದ್ದಾಗಲೇ ಪುಡಿ ಮಾಡಿಕೊಂಡು ಆಮೇಲೆ ಕಾಯಿತುರಿ, ಬಿಸಿನೀರು ಹಾಕಿ ಅರೆಯಬೇಕು. ಮೊದಲೇ ನೀರು ಹಾಕಿದರೆ ಕಾಳು ಬ್ಲೇಡಿಗೆ ಸಿಗದೆ ಸುತ್ತುತ್ತಲೇ ಇರುತ್ತದೆ. ಹದಿನಾಲ್ಕು ಪುಟ್ಟ ಲೋಟಕ್ಕೆ ನೂರು ಗ್ರಾಂ ಗಸಗಸೆ, ದೊಡ್ಡದೊಂದು ತೆಂಗಿನಕಾಯಿ, ಅರ್ಧ ಕೇಜಿ ಬೆಲ್ಲ. ಬೆಲ್ಲವನ್ನು ಬೇರೆ ಕರಗಿಸಿ ಸೋಸಿಕೊಂಡೆ, ಹೊಳೆಯುವ ಪಾಯಸದ ತಳದಲ್ಲಿ ಮರಳು ಸಿಕ್ಕರೆ ಅದರಷ್ಟು ಬೇಸರ ಇನ್ನೊಂದಿಲ್ಲ. ಕುದಿಯುವಾಗ ಸೌಟು ಬಿಡುವಂತಿಲ್ಲ, ಅಕ್ಕಿ ತಳ ಹಿಡಿಯುತ್ತದೆ. ಅಷ್ಟು ಹೊತ್ತು ನಿಲ್ಲುವುದಕ್ಕೆ ನಾನು ಬೇಸರಪಡಲಿಲ್ಲ, ಏಕೆಂದರೆ ಇದು ಬೆಳಗ್ಗೆ ಹನ್ನೊಂದಕ್ಕೇ ಮುಗಿಯುವ ಕೆಲಸ. ಮೈದುನನಿಗೆ ಈ ಪಾಯಸ ಮನೆಗೆ ಬಂದಾಗಲೇ ಸಿಗಬೇಕು. ದುಬೈಗೆ ಗಸಗಸೆ ಒಯ್ಯುವಂತಿಲ್ಲ, ಅಲ್ಲಿ ಅದು ನಿಷಿದ್ಧ ವಸ್ತು. ಗೊತ್ತಿಲ್ಲದೆ ಸಾರಿನ ಪುಡಿಯ ಜೊತೆ ಗಸಗಸೆ ಪೊಟ್ಟಣ ಕಟ್ಟಿಕೊಡುವ ತಾಯಂದಿರು ಇದನ್ನು ನೆನಪಿಟ್ಟುಕೊಳ್ಳಬೇಕು.

ಉಳಿದವನ್ನೆಲ್ಲ ತಣ್ಣಗಿದ್ದರೂ ಕೆಡದಂಥವು ನೋಡಿ ಆರಿಸಿದೆ. ಅನಾನಸ್ ಗೊಜ್ಜು ಬೆಳಗ್ಗೆ ಮಾಡಿದರೆ ಸಂಜೆಗೆ ಹುಳಿ, ಸಿಹಿ, ಖಾರ ಒಂದರೊಳಗೊಂದು ಇಳಿದಿರುತ್ತದೆ. ಬ್ಯಾಡಗಿ ಮೆಣಸಿನಕಾಯಿಯಿಂದ ಬಣ್ಣ ಹತ್ತುತ್ತದೆಯೇ ಹೊರತು ಹೊಟ್ಟೆ ಉರಿಯುವುದಿಲ್ಲ, ಮಾವನವರಿಗೂ ನಡೆಯುತ್ತದೆ. ಗೊಜ್ಜು ಇದ್ದದ್ದರಿಂದ ಉಪ್ಪಿನಕಾಯಿ ಬೇಡವೆಂದೆ. ಹುರುಳಿಕಾಯಿ ಪಲ್ಯ, ಹೆಸರುಬೇಳೆ ಸೌತೆಕಾಯಿ ಕೋಸಂಬರಿ, ಕಾಯಿ ಸಾಸಿವೆ ಚಿತ್ರಾನ್ನ, ಬೇಸಿಗೆಯಲ್ಲಿ ಮಾಡಿಟ್ಟ ಅರಳು ಸಂಡಿಗೆ. ತೊಗರಿಬೇಳೆ ಬೇಯಿಸಿ ಮೇಲಿನ ತಿಳಿ ಬಸಿದರೆ ಮೆಣಸು ಜೀರಿಗೆಯ ಕಟ್ಟಿನ ಸಾರು, ತಳದಲ್ಲಿ ಉಳಿದ ಬೇಳೆಗೆ ಉಪ್ಪು, ಅರಿಸಿನ, ಕರಿಬೇವು ಹಾಕಿದರೆ ತೊವ್ವೆ. ಒಂದೇ ಕುಕ್ಕರಿನಲ್ಲಿ ಎರಡು ಪದಾರ್ಥ. ಎಲ್ಲ ಒಗ್ಗರಣೆಯೂ ಎಣ್ಣೆಯಲ್ಲೇ. ತುಪ್ಪ ಗಿಂಡಿಯಲ್ಲಿ ಬರುತ್ತದೆ, ಬೇಕೆಂದವರಿಗೆ ಮಾತ್ರ. ಕೊನೆಗೆ ಮೊಸರನ್ನ, ಅದೂ ಬೇಕೆಂದವರಿಗೆ. ಅದಕ್ಕೆ ದಾಳಿಂಬೆ, ಸಾಸಿವೆ ಒಗ್ಗರಣೆ ಉಂಟು, ಉದ್ದಿನಬೇಳೆ ಮಾತ್ರ ಇಲ್ಲ.

ಲೆಕ್ಕ ಹಾಕಿ ನೋಡಿದರೆ ಬಿಸಿಯಾಗಿಯೇ ಬರಬೇಕಾದವು ಸಾರು, ಅನ್ನ, ತೊವ್ವೆ, ಹುಳಿ ಇಷ್ಟೇ. ಮೂರು ಒಲೆ, ಒಂದು ಇಂಡಕ್ಷನ್. ಸರಿಹೋಯಿತು.

ಹಿಂದಿನ ದಿನ ಮಾಡಿದ್ದು ಒಣ ಕೆಲಸವಷ್ಟೇ: ಗೊಜ್ಜಿನ ಪುಡಿಗೆ ಹುರಿದದ್ದು, ಸಾರಿನ ಪುಡಿ ಕುಟ್ಟಿದ್ದು, ತೆಂಗಿನಕಾಯಿ ಸುಲಿಸಿ ತಂದದ್ದು, ಲೋಟ, ಸೌಟು, ಗಿಂಡಿ ತೊಳೆದಿಟ್ಟದ್ದು. ಬಾಳೆಎಲೆ ಕೂಡ ಹಿಂದಿನ ಸಂಜೆಯೇ ಬಂತು. ಎರಡು ಹೆಚ್ಚಿಗೆ ತರಿಸಿದ್ದೆ, ಒರೆಸುವಾಗ ಸೀಳುವುದು ಗ್ಯಾರಂಟಿ. ಶನಿವಾರ ಅತ್ತೆಯ ಹುಗ್ಗಿ ಇಳಿದು ಎಂಟಕ್ಕೆ ಒಲೆ ನನ್ನ ಕೈಗೆ ಬಂತು. ಮೊದಲು ಬೇಳೆ, ಆಮೇಲೆ ಗೊಜ್ಜು, ಆಮೇಲೆ ಪಾಯಸ. ಹನ್ನೆರಡೂವರೆಗೆ ಚಿತ್ರಾನ್ನದ ಅನ್ನ ಮಾಡಿ ದೊಡ್ಡ ಪರಾತದಲ್ಲಿ ಎಣ್ಣೆ ಸವರಿ ಹರವಿದೆ. ಹುರುಳಿಕಾಯಿ ಹೆಚ್ಚಿದ್ದು ಮಾವನವರು. ಅವರಷ್ಟು ಒಂದೇ ಅಳತೆಗೆ ಹೆಚ್ಚುವವರನ್ನು ನಾನು ನೋಡಿಲ್ಲ, ಬ್ಯಾಂಕಿನಲ್ಲಿ ಲೆಡ್ಜರು ಬರೆದ ಕೈ. ಎರಡೂವರೆಗೆ ಸಂಡಿಗೆ ಕರಿದು ಗಾಳಿಯಾಡದ ತಗಡಿನ ಡಬ್ಬಿಗೆ ತುಂಬಿದ್ದಾಯಿತು. ಮೂರಕ್ಕೆ ಹುಳಿ. ಮೂರೂಮುಕ್ಕಾಲಿಗೆ ನಾಲ್ಕು ಪಾವು ಅಕ್ಕಿ ಒಲೆಯ ಮೇಲಿಟ್ಟು ನಾನು ಮುಖ ತೊಳೆದು ಸೀರೆ ಉಡಲು ಹೋದೆ. ಇದನ್ನೂ ಪಟ್ಟಿಯಲ್ಲಿ ಬರೆದಿದ್ದೆ. ಬೆವರಿ, ಸೆರಗು ಸೊಂಟಕ್ಕೆ ಸಿಕ್ಕಿಸಿಕೊಂಡು, "ಬನ್ನಿ ಬನ್ನಿ" ಅನ್ನುತ್ತಾ ಅಡುಗೆಮನೆಗೆ ಓಡುವ ಮನೆಯೊಡತಿ ಇರುವ ಮನೆಯಲ್ಲಿ ನೆಂಟರಿಗೆ ನೆಮ್ಮದಿ ಇರುವುದಿಲ್ಲ.

ಮಂಡಿ ನೋವಿನವರು ಆರು ಜನ ಡೈನಿಂಗ್ ಟೇಬಲ್ಲಿಗೆ, ಉಳಿದವರು ಹಾಲಿನಲ್ಲಿ ಜಮಖಾನದ ಮೇಲೆ. ಹೂವು, ಮೇಣದಬತ್ತಿ ಇಡೋಣ ಎಂದು ಮಕ್ಕಳು ತಯಾರಾಗಿದ್ದರು. ಪಡುವಣ ಕಿಟಕಿಯ ಪರದೆ ಸರಿಸಿ, ಬಿಸಿಲು ಬೀಳಲಿ, ಬೇರೇನೂ ಬೇಡ ಅಂದೆ. ನನ್ನ ಮಟ್ಟಿಗೆ ಚೆಂದ ಇರುವುದು ಎಲೆಯಲ್ಲೇ. ತುದಿ ಎಡಕ್ಕೆ ಬರಬೇಕು. ಮೇಲಿನ ಅರ್ಧಕ್ಕೆ ಉಪ್ಪು, ಕೋಸಂಬರಿ, ಪಲ್ಯ, ಗೊಜ್ಜು, ಒಂದೊಂದರ ನಡುವೆ ಬೆರಳಗಲ ಹಸಿರು ಕಾಣಬೇಕು. ರಾಶಿ ಸುರಿದರೆ ಗೊಜ್ಜು ಹರಿದು ಪಲ್ಯಕ್ಕೆ ಸೇರುತ್ತದೆ, ಉಂಬುವವರಿಗೂ ಎದೆ ಧಸಕ್ಕೆನ್ನುತ್ತದೆ. ಕೆಳಗಿನ ಅರ್ಧ ಅನ್ನಕ್ಕೆಂದು ಖಾಲಿ. ಸಾರಿಗೆ, ಪಾಯಸಕ್ಕೆ ಪುಟ್ಟ ಸ್ಟೀಲಿನ ಲೋಟ. ಕೋಸಂಬರಿಗೆ ಉಪ್ಪು ಹಾಕಿದ್ದು ನಾಲ್ಕೂ ಇಪ್ಪತ್ತೈದಕ್ಕೆ, ಮೊದಲೇ ಹಾಕಿದರೆ ಸೌತೆಕಾಯಿ ನೀರು ಬಿಡುತ್ತದೆ.

ನೆಂಟರು ಬಂದು ಕೂರುವ ಮೊದಲೇ ತಣ್ಣನೆಯವೆಲ್ಲ ಎಲೆಗೆ ಬಡಿಸಿ ಆಗಿತ್ತು. ಬಿಸಿಯದ್ದನ್ನು ಬಡಿಸಲು ಮಗನನ್ನೂ ಮೈದುನನ ಮಗನನ್ನೂ ಹಿಂದಿನ ದಿನವೇ ಒಪ್ಪಿಸಿದ್ದೆ. ಅನ್ನ, ತೊವ್ವೆ ಒಂದು ಸುತ್ತು ಬಡಿಸಿ ಅವರೂ ಕೂತರು. ಹುಳಿಯ ಪಾತ್ರೆ, ಅನ್ನದ ತಪ್ಪಲೆ ಪಂಕ್ತಿಯ ನಡುವೆಯೇ ಇದ್ದವು, ಕೈಗೆ ಸಿಕ್ಕವರು ಪಕ್ಕದವರಿಗೆ ಬಡಿಸಿದರು. ನಾನು ಬಡಿಸಲು ಏಳಲಿಲ್ಲ. ಅತ್ತೆ ನನ್ನ ಕಡೆ ಒಮ್ಮೆ ನೋಡಿ, ಓರಗಿತ್ತಿಯ ಕಡೆ ಒಮ್ಮೆ ನೋಡಿ, ಏನೂ ಅನ್ನದೆ ಮೊಮ್ಮಗನಿಗೆ "ಹುಳಿ ಇತ್ತ ಕೊಡೋ, ಎಡಗೈಯಲ್ಲಿ ಅಲ್ಲ" ಅಂದರು. ಗೆಳತಿಯ ಯಜಮಾನರು ಮಿತಭಾಷಿ. ಹಿತಕಿದ ಬೇಳೆಯನ್ನು ಮೂರನೇ ಸಲ ಹಾಕಿಸಿಕೊಳ್ಳುವಾಗ ಮಾತ್ರ, "ಇಷ್ಟು ಜನರ ಮಧ್ಯೆ 'ಇದರಲ್ಲಿ ಏನು ಹಾಕಿದೆ' ಅಂತ ಕೇಳದೆ ಉಂಡು ಎಷ್ಟು ಕಾಲ ಆಗಿತ್ತೋ" ಅಂದರು. ಅಕ್ಕನ ಮಗಳು ಮೊಸರನ್ನದ ಹೊತ್ತಿಗೆ ಎರಡನೇ ಲೋಟ ಪಾಯಸ ತೆಗೆದುಕೊಂಡಳು. "ಚಿಕ್ಕಮ್ಮ, ನನಗೆ ಅಂತ ಏನೂ ಬೇರೆ ಮಾಡಿಲ್ಲ ತಾನೆ?" ಅಂತ ಕೇಳಿದಳು. ಇಲ್ಲ ಅಂದೆ. ಕಿರಿಯ ಮಕ್ಕಳು ಬಜ್ಜಿ ಇಲ್ಲವೆಂದು ಗೊಣಗಿದ್ದು ನಿಜ, ಸಂಡಿಗೆ ಡಬ್ಬಿ ಅವರ ಪಕ್ಕಕ್ಕೆ ಹೋದ ಮೇಲೆ ಆ ಮಾತು ನಿಂತಿತು.

ಐದೂಕಾಲಿಗೆ ಎಲೆ ಮಡಿಸಿದ್ದಾಯಿತು. ಆರಕ್ಕೆ ಅತ್ತೆ ದೀಪ ಹಚ್ಚುವ ಹೊತ್ತಿಗೆ ಪಾತ್ರೆಯೂ ತೊಳೆದಾಗಿತ್ತು. ಆಮೇಲಿನ ಇಡೀ ಸಂಜೆ ಮಾತಿಗೆ ಉಳಿಯಿತು. ರಾತ್ರಿ ಎಂಟಕ್ಕೆ ಊಟಕ್ಕೆ ಕರೆದರೆ ಒಂಬತ್ತೂವರೆಗೆ ಉಂಡು, ಹತ್ತಕ್ಕೆ ಎಲ್ಲರೂ ಕಾರಿನ ಕೀಲಿ ಹುಡುಕುತ್ತಾರೆ. ಮಾವನವರು ಒಂಬತ್ತಕ್ಕೆ ಒಂದು ಲೋಟ ಸಾರು ಕುಡಿದು ಮಾತ್ರೆ ನುಂಗಿ ಮಲಗಿದರು. ಹುಡುಗರಿಗೆ ಆ ಹೊತ್ತಿಗೆ ಮತ್ತೆ ಹಸಿವು, ಉಳಿದ ಚಿತ್ರಾನ್ನ ಪರಾತದಿಂದಲೇ ಖಾಲಿಯಾಯಿತು.

ಹೊರಡುವಾಗ ಓರಗಿತ್ತಿ ಕೇಳಿದ್ದೂ ಆ ಚಿತ್ರಾನ್ನದ ಅಳತೆಯನ್ನೇ, ಈರುಳ್ಳಿ ಇಲ್ಲದ ಹುಳಿಯದ್ದನ್ನಲ್ಲ. ಮೂರು ಪಾವು ಅಕ್ಕಿಗೆ ಒಂದು ಹೋಳು ತುಂಬಾ ಕಾಯಿತುರಿ, ಬ್ಯಾಡಗಿ ಎಂಟು, ಗುಂಟೂರು ಎರಡು, ನಿಂಬೆಗಾತ್ರ ಹುಣಸೆಹಣ್ಣು, ಅಡಿಕೆಯಷ್ಟು ಬೆಲ್ಲ, ಅರಿಸಿನ. ಇವೆಲ್ಲ ನುಣ್ಣಗಾದ ಮೇಲೆ ಎರಡು ಚಮಚ ಸಾಸಿವೆ ಹಾಕಿ ಮಿಕ್ಸಿ ಒಂದೇ ಸುತ್ತು ತಿರುಗಿಸಬೇಕು, ಹೆಚ್ಚು ಅರೆದರೆ ಕಹಿಯಾಗುತ್ತದೆ. ಒಗ್ಗರಣೆಗೆ ಎಳ್ಳೆಣ್ಣೆ, ಕಡಲೆಕಾಯಿ ಬೀಜ, ಕಡಲೆಬೇಳೆ, ಕರಿಬೇವು, ಇಂಗು. ಅರೆದದ್ದನ್ನು ಅದರಲ್ಲಿ ಹಸಿ ವಾಸನೆ ಹೋಗುವವರೆಗೆ ಬಾಡಿಸಿ ಆರಿದ ಅನ್ನಕ್ಕೆ ಕಲಸಬೇಕು. ಉಪ್ಪು ಕಲಸಿದ ಕೂಡಲೇ ಸಾಲದು ಅನ್ನಿಸುತ್ತದೆ, ಮತ್ತೆ ಹಾಕಬಾರದು. ಒಂದು ಗಂಟೆ ಬಿಟ್ಟು ನೋಡಿ, ಸರಿಯಾಗಿರುತ್ತದೆ.